ಎಲ್ಲಕ್ಕೂ ಹೂಂ ಅಂದ ನೆಲದಜ್ಜ

ತೂ ಹ್ವೊವಾಂಗ್ ಹುಟ್ಟಿದಾಗ ಅವನಪ್ಪ ಜೋಯಿಸನ ಬಳಿ ಹೋಗಿ ಹೆಸರು ಕೇಳಿದ. ಜೋಯಿಸ ಗಳಿಗೆ ಎಣಿಸಿ, ಮಗುವಿನ ಜಾತಕದಲ್ಲಿ ನೀರು ತುಂಬಿ ತುಳುಕುತ್ತಿದೆ, ಬೆಂಕಿಯ ಕಿಡಿಯೂ ಇಲ್ಲ ಎಂದ. ಹೀಗಾಗಿ ಹ್ವೊವಾಂಗ್ ಎಂದು ಹೆಸರಿಟ್ಟರು. ಧಗಧಗ ಉರಿಯುವ ಬೆಂಕಿ ಎಂದು ಅದರರ್ಥ. ಮನೆತನದ ಹೆಸರು ತೂ. ಅದನ್ನು ಬರೆಯುವಾಗ ಪಕ್ಕದಲ್ಲಿ ಮೂರು ಹನಿ ನೀರಿನ ಗುರುತು ಹಾಕಬೇಕು. ಅಂದರೆ ಹೆಸರಿನ ಈ ತುದಿಯಲ್ಲಿ ನೀರು, ಆ ತುದಿಯಲ್ಲಿ ಬೆಂಕಿ. ಕನ್ನಡದ ಕಿವಿಗೆ ಆ ತೂ ಉಗಿದ ಹಾಗೆ ಕೇಳಿಸಿದರೆ ಅದು ನಮ್ಮ ಕಿವಿಯ ತಪ್ಪು. ಆದರೆ ಅವನನ್ನು ಬಲ್ಲವರು ಅದೂ ಸರಿಯಾಗಿಯೇ ಇದೆ ಎನ್ನುತ್ತಿದ್ದರು.

ಅಪ್ಪನದು ತೈವಾನಿನ ತೈಪೆ ನಗರದ ವಾನ್‌ಹ್ವಾದ ಗಿಡಮೂಲಿಕೆ ಗಲ್ಲಿಯಲ್ಲಿ ಕಷಾಯದ ಅಂಗಡಿ. ಆ ಗಲ್ಲಿಯವರ ಪ್ರಕಾರ ಲೋಕದ ಸಕಲ ಕಾಯಿಲೆಗೂ ಕಾರಣ ಒಂದೇ, ಉಷ್ಣ. ಬಾಯಿ ಹುಣ್ಣಾದರೆ ಉಷ್ಣ, ಮೊಡವೆ ಎದ್ದರೆ ಉಷ್ಣ, ಗಂಡ ಹೆಂಡಿರು ಜಗಳವಾಡಿದರೆ ಇಬ್ಬರಿಗೂ ಉಷ್ಣ. ಮದ್ದೂ ಒಂದೇ, ಹಂಡೆಯಲ್ಲಿ ಕಪ್ಪಗೆ ಕುದಿಸಿ ಆರಿಸಿಟ್ಟ ಕಹಿ ಕಷಾಯ. ಹ್ವೊವಾಂಗ್‌ಗೆ ಸೊಪ್ಪುಸದೆಯ ಮೇಲೆ ಮನಸ್ಸು ಬೀಳಲಿಲ್ಲ. ಯಾವ ಬೇರು ಯಾವುದಕ್ಕೆ ಎಂದು ಅಪ್ಪ ಹೇಳಿಕೊಡುತ್ತಿದ್ದರೆ ಇವನು ಯಾರದೋ ರೇಡಿಯೊ ಬಿಚ್ಚಿಕೊಂಡು ಕೂತಿರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯನ್ನು ಎರಡು ಪಾಲು ಮಾಡಿದ. ಎಡಗಡೆ ಹೆಂಡತಿ ಬಿಯುನ್‌ಳ ಕಷಾಯದ ಹಂಡೆ, ಬಲಗಡೆ ಅವನ ಲ್ಯಾಪ್‌ಟಾಪ್ ರಿಪೇರಿ.

ಬೋರ್ಡು ಮಾತ್ರ ಎರಡಕ್ಕೂ ಒಂದೇ. ಅಲ್ಲಿಯ ಚೀನೀ ಭಾಷೆಯಲ್ಲಿ ರಕ್ತದ ಒತ್ತಡಕ್ಕೂ ವಿದ್ಯುತ್ತಿನ ವೋಲ್ಟೇಜಿಗೂ ಒಂದೇ ಪದ ಸಾಕು. ‘ಉಷ್ಣ ಶಮನ, ಒತ್ತಡ ಇಳಿಕೆ’ ಎಂದು ಬರೆಸಿದ, ಖರ್ಚು ಉಳಿಯಿತು. ಒಮ್ಮೆ ನಿವೃತ್ತ ಬಸ್ ಡ್ರೈವರ್ ಒಬ್ಬ ಬಂದು ಬಲಗಡೆಯ ಸ್ಟೂಲಿನ ಮೇಲೆ ಕೂತು, ಒತ್ತಡ ಜಾಸ್ತಿ ಆಗಿದೆ ಎಂದ.

“ಎಷ್ಟು ಹಳೇದು?” ಹ್ವೊವಾಂಗ್ ತಲೆ ಎತ್ತದೆ ಕೇಳಿದ.

“ಅರವತ್ತಾಯ್ತು.”

“ಬಿಸಿ ಆಗುತ್ತಾ? ಸದ್ದು ಬರುತ್ತಾ?”

“ಮಲಗಿದಾಗ ಬರುತ್ತೆ ಅಂತ ನನ್ ಹೆಂಡ್ತಿ ಹೇಳ್ತಾಳೆ.”

“ಬಿಚ್ಚಿ ಧೂಳು ಹೊಡೆದು ಕೊಡ್ತೀನಿ, ಸಂಜೆ ಬನ್ನಿ,” ಎಂದ ಹ್ವೊವಾಂಗ್. ಡ್ರೈವರ್ ಎದ್ದು ಎಡಗಡೆಗೆ ಓಡಿದ.

ಅವನ ಕಸುಬಿನ ಗುಟ್ಟು ಬಹಳ ದೊಡ್ಡದೇನಲ್ಲ. ಪ್ರೊಸೆಸರ್ ಮಾಡುವ ಕಂಪನಿಯವರು ಯಾವುದಕ್ಕೂ ಇರಲಿ ಎಂದು ಅದಕ್ಕೆ ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ವೋಲ್ಟೇಜು ಉಣಿಸುತ್ತಾರೆ, ಮದುವೆಮನೆಯಲ್ಲಿ ಬೇಡ ಬೇಡ ಎಂದರೂ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ ಹಾಗೆ. ಹೆಚ್ಚು ಉಂಡದ್ದು ಬಿಸಿಯಾಗುತ್ತದೆ, ಬಿಸಿಯಾದದ್ದಕ್ಕೆ ಫ್ಯಾನು ಬಡಿದುಕೊಳ್ಳುತ್ತದೆ. ಯಂತ್ರದೊಳಗಿನ ಸೆಟ್ಟಿಂಗಿನಲ್ಲಿ ಆ ವೋಲ್ಟೇಜು ಇಳಿಸುವ, ರೇಡಿಯೊದ ತಿರುಗಣೆಯಂಥ ಕಿವಿಯೊಂದಿದೆ. ಹ್ವೊವಾಂಗ್ ಅದನ್ನು ಒಂದೊಂದೇ ಗೀಟು ಇಳಿಸುತ್ತ ಹೋಗುತ್ತಿದ್ದ. ಯಂತ್ರ ಗಕ್ಕನೆ ನಿಂತುಹೋದರೆ ಒಂದು ಗೀಟು ಮೇಲಕ್ಕೆ. ಅಷ್ಟೇ ವಿದ್ಯೆ. ಲ್ಯಾಪ್‌ಟಾಪ್ ತಣ್ಣಗಾಗುತ್ತಿತ್ತು, ಫ್ಯಾನು ಬಾಯಿ ಮುಚ್ಚುತ್ತಿತ್ತು, ಗಿರಾಕಿ ಕೈಮುಗಿಯುತ್ತಿದ್ದ. ನಿಲ್ಲದೆ ಓಡುವ ಯಂತ್ರ ಸರಿಯಾಗಿ ಓಡುತ್ತಿದೆ ಎಂದೇ ಹ್ವೊವಾಂಗ್‌ನ ನಂಬಿಕೆ. ಅವನ ಬಾಯಲ್ಲಿ ‘ನನಗೆ ಗೊತ್ತಿಲ್ಲ’ ಎಂಬ ಮಾತನ್ನು ಬಿಯುನ್ ಮದುವೆಯಾದಂದಿನಿಂದ ಕೇಳಿರಲಿಲ್ಲ. ಅವನಿಗೆ ಗೊತ್ತಿಲ್ಲದ್ದು ಬೇಕಾದಷ್ಟಿತ್ತು, ಅದು ಬೇರೆ ವಿಷಯ.

ಇಷ್ಟೆಲ್ಲ ಇದ್ದರೂ ಅವನ ಎದೆಯೊಳಗೆ ಒಂದು ಉರಿ ಆರಿರಲಿಲ್ಲ. ಗಲ್ಲಿಯ ಕೊನೆಯಲ್ಲಿ ನೆಲದಜ್ಜನ ಪುಟ್ಟ ಗುಡಿ. ಬಿಳಿ ಗಡ್ಡ, ಗುಂಡು ಕೆನ್ನೆ, ಕೈಯಲ್ಲೊಂದು ಕೋಲು ಹಿಡಿದು ನಗುತ್ತ ಕೂತ ಭೂಮಿಯ ದೇವರು. ಪ್ರತಿ ವರ್ಷ ಶರತ್ಕಾಲದ ಹುಣ್ಣಿಮೆಯ ಹಬ್ಬಕ್ಕೆ ಗಲ್ಲಿಯವರಲ್ಲಿ ಒಬ್ಬನನ್ನು ಧೂಪದೊಡೆಯನಾಗಿ ಅಜ್ಜನೇ ಆರಿಸುತ್ತಾನೆ. ಆರಿಸಿದವನ ಮನೆಗೆ ಅಜ್ಜನ ಚಿಕ್ಕ ಮೂರ್ತಿಯೂ ಧೂಪದ ಕುಂಡವೂ ಬಂದು ಒಂದು ವರ್ಷ ಇರುತ್ತವೆ. ಹ್ವೊವಾಂಗ್‌ನ ಅಪ್ಪ ಒಮ್ಮೆಯೂ ಒಡೆಯನಾಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ಕೊನೆಯ ದೂರೂ ಅದೇ ಆಗಿತ್ತು. ಮಗನೂ ಮೂವತ್ತು ವರ್ಷ ಹೆಸರು ಕೊಟ್ಟು ಮೂವತ್ತು ವರ್ಷವೂ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದಿದ್ದ.

ಅಜ್ಜ ಆರಿಸುವುದು ಬಾಳೆಕಾಯಿ ಸೀಳಿದಂತಿರುವ ಎರಡು ಮರದ ತುಂಡುಗಳಿಂದ. ಒಂದು ಮೈ ಉಬ್ಬು, ಒಂದು ಮೈ ಚಪ್ಪಟೆ. ಎಸೆದಾಗ ಒಂದು ಉಬ್ಬು ಮೇಲಾಗಿ, ಇನ್ನೊಂದು ಚಪ್ಪಟೆ ಮೇಲಾಗಿ ಬಿದ್ದರೆ ಅಜ್ಜ ಹೂಂ ಅಂದ ಎಂದರ್ಥ. ಎರಡೂ ಉಬ್ಬು ಮೇಲಾದರೆ ಊಹೂಂ. ಎರಡೂ ಚಪ್ಪಟೆ ಮೇಲಾದರೆ ಅಜ್ಜ ಸುಮ್ಮನೆ ನಗುತ್ತಿದ್ದಾನೆ. ಯಾರಿಗೆ ಸಾಲಾಗಿ ಹೆಚ್ಚು ಹೂಂ ಬೀಳುತ್ತದೋ ಅವನೇ ಒಡೆಯ. ಇಷ್ಟು ಸರಳವಾದದ್ದನ್ನೂ ಗಲ್ಲಿಯವರು ಸುಮ್ಮನೆ ಬಿಟ್ಟಿರಲಿಲ್ಲ. ಎದುರಂಗಡಿಯ ಗಾವ್ ಶುಯಿಮು, ಹೆಸರಿನಲ್ಲೇ ನೀರೂ ಮರವೂ ಇರುವವನು, ಕಷಾಯ ಮಾರುವುದರಲ್ಲಿ ಇವರಿಗೆ ಪೈಪೋಟಿ. ಗುಡಿಯ ಅಧ್ಯಕ್ಷ ಶಿಯೆ ತನಗೆ ಬೇಕಾದವರ ಸರದಿಯಲ್ಲಿ ಮರದ ತುಂಡನ್ನು ಕಾಲ್ಬೆರಳಿನಿಂದ ತಳ್ಳುತ್ತಾನೆ ಎಂದು ಒಂದು ವರ್ಷ ಶುಯಿಮು ಕೂಗಾಡಿದ. ಶಿಯೆ ಹಿಂದೆ ಹಂದಿಮಾಂಸ ಕಡಿಯುತ್ತಿದ್ದ ಆಸಾಮಿ, ಕತ್ತಿ ಎಲ್ಲಿದೆ ಎಂದು ಹುಡುಕಿದ. ಬಿಡಿಸುವ ಹೊತ್ತಿಗೆ ಹಬ್ಬದೂಟ ತಣ್ಣಗಾಗಿತ್ತು.

ಆಮೇಲೆ ಗುಡಿಗೆ ಯಂತ್ರ ಬಂತು. ದೇವಸ್ಥಾನಗಳಿಗೆ ಕಂಪ್ಯೂಟರ್ ಹಾಕಿಕೊಡುವ ಸಣ್ಣ ಕಂಪನಿಯೊಂದು ಅದನ್ನು ತಂದು ಅಜ್ಜನ ಪೀಠದ ಪಕ್ಕದ ಮರದ ಬೀರುವಿನಲ್ಲಿ ಕೂರಿಸಿತು. ಯಂತ್ರವೇ ತುಂಡು ಎಸೆಯುತ್ತದೆ, ಪರದೆಯ ಮೇಲೆ ಬಿದ್ದದ್ದು ಕಾಣುತ್ತದೆ. ಪ್ರೊಸೆಸರ್‌ನ ಒಳಗೇ ಬೀಗ ಹಾಕಿದ ಕೋಣೆಯೊಂದಿದೆ, ಎಸೆತ ಅಲ್ಲೇ ನಡೆಯುತ್ತದೆ, ಯಂತ್ರದ ಯಜಮಾನನೂ ಇಣುಕುವಂತಿಲ್ಲ, ಯಾರ ಕಾಲ್ಬೆರಳೂ ಒಳಗೆ ಹೋಗುವುದಿಲ್ಲ ಎಂದು ಕಂಪನಿಯವನು ಹೇಳಿದ. ಶುಯಿಮು ಬೀರುವಿನ ಸುತ್ತ ಎರಡು ಸುತ್ತು ಹಾಕಿ ಒಪ್ಪಿದ.

ಬೀರು ಮಾತ್ರ ಧೂಪದ ಹೊಗೆಯಲ್ಲಿ ಹೊತ್ತಿಕೊಳ್ಳುವಷ್ಟು ಬಿಸಿ. ಫ್ಯಾನಿನ ಗೋಳಿನಲ್ಲಿ ಮಂತ್ರ ಕೇಳಿಸುತ್ತಿರಲಿಲ್ಲ. ಶಿಯೆ ಹ್ವೊವಾಂಗ್‌ನನ್ನು ಕರೆಸಿದ. “ನಮ್ಮ ಗಲ್ಲಿಲೇ ಇಂಥೋನು ಇರುವಾಗ ಹೊರಗಿನೋರನ್ನ ಯಾಕೆ ಕರೀಲಿ?” ಎಂದ. ಹ್ವೊವಾಂಗ್ ಉಬ್ಬಿ, ವೋಲ್ಟೇಜನ್ನು ಗೀಟು ಗೀಟಾಗಿ ಇಳಿಸಿದ. ದೇವರ ಕೆಲಸವೆಂದು ಒಂದು ಗೀಟು ಹೆಚ್ಚೇ ಇಳಿಸಿದ. ಗುಡಿ ನಿಶ್ಶಬ್ದವಾಯಿತು. ಮುದುಕರಿಗೆ ಮಧ್ಯಾಹ್ನದ ನಿದ್ದೆ ಮರಳಿ ಬಂತು.

ಮುಂದಿನ ಬೇಸಿಗೆಯಲ್ಲಿ ಪ್ರೊಸೆಸರ್ ಕಂಪನಿಯಿಂದ ಒಂದು ಅಪ್‌ಡೇಟ್ ಬಂತು. ನಿಮ್ಮ ಭದ್ರತೆಗಾಗಿ ವೋಲ್ಟೇಜಿನ ಸೆಟ್ಟಿಂಗನ್ನು ಮುಚ್ಚಲಾಗುತ್ತಿದೆ, ಎಂದು ಅದರಲ್ಲಿತ್ತು. ಗಿರಾಕಿಗಳ ಲ್ಯಾಪ್‌ಟಾಪ್‌ಗಳು ಒಂದೊಂದಾಗಿ ಅಪ್‌ಡೇಟ್ ನುಂಗಿ, ಮತ್ತೆ ಕಾದು, ಮತ್ತೆ ಅರಚತೊಡಗಿದವು. ಜನ ಹ್ವೊವಾಂಗ್‌ನ ಮುಖಕ್ಕೆ ಹಿಡಿದು ಬೈದರು. ಅವನು ಕಂಪನಿಯನ್ನು ಬೈದ.

“ನಮ್ಮ ಭದ್ರತೆಗೆ ನಮ್ಮ ಕೈ ಕಟ್ತಾರಂತೆ,” ಎಂದ ಬಿಯುನ್‌ಗೆ. “ಹಳೇದು ತಣ್ಣಗಿದ್ರೆ ಹೊಸದು ಯಾರು ಕೊಳ್ತಾರೆ? ಅದಕ್ಕೆ ಈ ನಾಟಕ.”

“ಒಂದ್ವೇಳೆ ನಿಜವಾಗ್ಲೂ ಏನಾದ್ರೂ ಇದ್ರೆ?”

“ನಿಂಗೆ ಹಂಡೆ ಗೊತ್ತು, ಹಂಡೆ ನೋಡ್ಕೋ.”

“ಗೊತ್ತಿರೋದನ್ನಾದ್ರೂ ಸರಿಯಾಗಿ ನೋಡ್ಕೋತೀನಿ ನಾನು,” ಎಂದಳು ಬಿಯುನ್. ಹ್ವೊವಾಂಗ್ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಡಿಗೆ ಹೋಗಿ, ಅಲ್ಲಿಯ ಯಂತ್ರಕ್ಕೆ ಆ ಅಪ್‌ಡೇಟ್ ಸೋಕದಂತೆ ತಡೆದು ಬಂದ. ಅಜ್ಜನನ್ನು ಕಂಪನಿಯವರ ಕೈಯಿಂದ ಉಳಿಸಿದೆ ಎಂದುಕೊಂಡ.

ಆ ವರ್ಷ ಹಬ್ಬದ ದಿನ ಬೆವರು ಕಿತ್ತುಬರುವ ಸೆಖೆ. ಗುಡಿಯ ತುಂಬ ಜನ, ಕುಂಡದ ತುಂಬ ಧೂಪ, ಬೀರುವಿನೊಳಗೆ ಯಂತ್ರ ಬೆಳಗಿನಿಂದ ಒಂದೇ ಸಮನೆ ತುಂಡು ಎಸೆಯುತ್ತಿತ್ತು. ಶುಯಿಮುಗೆ ಸಾಲಾಗಿ ಏಳು ಹೂಂ ಬಿದ್ದವು. ಅವನು ಆಗಲೇ ಕಾಲರ್ ಸರಿಮಾಡಿಕೊಂಡು ನಾಲ್ಕು ಜನರ ಅಭಿನಂದನೆ ಸ್ವೀಕರಿಸಿದ್ದ. ಗಲ್ಲಿಯ ಕೊನೆಯ ಅಂಗಡಿ ಎಂಬ ಕಾರಣಕ್ಕೆ ಹ್ವೊವಾಂಗ್‌ನದು ಕೊನೆಯ ಸರದಿ. ಹೂಂ ಬಿತ್ತು. ಇನ್ನೊಂದು ಹೂಂ. ಏಳು ದಾಟಿತು, ಹತ್ತು ದಾಟಿತು, ಗುಡಿಯಲ್ಲಿ ಉಸಿರಾಟ ನಿಂತಿತು. ಹದಿನೆಂಟನೆಯದಕ್ಕೆ ಶಿಯೆ ಎದ್ದು ನಿಂತು, ಅಜ್ಜ ಹೇಳಬೇಕಾದ್ದು ಹೇಳಿಯಾಯಿತು, ಮೀನು ಆರಿಹೋಗುತ್ತದೆ, ಊಟಕ್ಕೆ ಏಳಿ ಎಂದ. ಇನ್ನೂ ಎಷ್ಟು ಬೀಳುತ್ತಿದ್ದವೋ ಯಾರೂ ನೋಡಲಿಲ್ಲ.

ಹ್ವೊವಾಂಗ್ ನೆಲಕ್ಕೆ ಹಣೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲ. ಅವನು ಅಳುತ್ತಿದ್ದ. ಅಪ್ಪನಿಗೆ ಕೇಳಿಸಲಿ ಎಂಬಂತೆ ಗಟ್ಟಿಯಾಗಿ ಅಳುತ್ತಿದ್ದ. ಅಜ್ಜನ ಮೂರ್ತಿಯನ್ನು ಎದೆಗವಚಿಕೊಂಡು ತಂದು, ಕಷಾಯದ ಹಂಡೆಗೂ ಲ್ಯಾಪ್‌ಟಾಪ್‌ಗಳಿಗೂ ನಡುವೆ ಕೆಂಪು ಬಟ್ಟೆ ಹಾಸಿ ಕೂರಿಸಿದ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು. ಮೂವತ್ತು ವರ್ಷ ‘ಏನೋ ವಾಂಗ್’ ಎನ್ನುತ್ತಿದ್ದವರು ‘ಒಡೆಯರೇ’ ಎನ್ನತೊಡಗಿದರು. ಕೆಲವರು ತಮಾಷೆಗೆ ಹಾಗೆನ್ನುತ್ತಿದ್ದರು. ಆದರೆ ಅವನಿಗೆ ಎರಡೂ ಒಂದೇ ರೀತಿ ಕೇಳಿಸುತ್ತಿತ್ತು.

ಹದಿನೆಂಟು ಹೂಂನ ಸುದ್ದಿ ಹಬ್ಬಿತು. ಶಿಯೆಗೆ ಉತ್ಸಾಹ ಉಕ್ಕಿ, ಭಕ್ತರು ಫೋನಿನಿಂದಲೇ ಅಜ್ಜನನ್ನು ಕೇಳುವ ಅನುಕೂಲ ಮಾಡಿಸಿದ. ಗಲ್ಲಿಗೆ ಸುಗ್ಗಿ ಬಂತು, ಯಂತ್ರಕ್ಕೆ ಹಗಲೂ ರಾತ್ರಿ ಬಿಡುವಿಲ್ಲದಾಯಿತು. ನೂಡಲ್ಸ್ ಅಂಗಡಿಯವನು ಹೊಸ ಸ್ಕೂಟರ್ ಕೊಳ್ಳಲೇ ಎಂದು ಕೇಳಿದ, ಅಜ್ಜ ಹೂಂ ಅಂದ. ಸೊಸೆ ಅತ್ತೆಯಿಂದ ಬೇರೆ ಮನೆ ಮಾಡಲೇ ಎಂದಳು, ಹೂಂ. ಅತ್ತೆ ಸೊಸೆಯನ್ನು ಹೊರಗೆ ಹಾಕಲೇ ಎಂದಳು, ಅದಕ್ಕೂ ಹೂಂ. ಆ ಮನೆಯಲ್ಲಿ ಮೊದಲ ಬಾರಿಗೆ ಒಮ್ಮತ ಮೂಡಿತು. ಧೂಪದೊಡೆಯ ಒಳ್ಳೆಯವನಾದರೆ ದೇವರೂ ಖುಷಿಯಾಗಿರುತ್ತಾನೆ ಎಂದು ಜನ ಮಾತಾಡಿಕೊಂಡರು. ಹ್ವೊವಾಂಗ್ ಅದನ್ನು ಎರಡೆರಡು ಸಲ ಹೇಳಿಸಿ ಕೇಳಿದ.

ಹೀಗಿರುವಾಗ ಬಿಯುನ್‌ಳ ತಂಗಿಯ ಮಗಳು ಶಿನ್‌ರು ರಜೆಗೆ ಬಂದಳು. ಚಿಪ್ ಕಂಪನಿಗಳ ಊರಾದ ಶಿನ್‌ಚುವಿನಲ್ಲಿ ಅವಳ ಕೆಲಸ ಪ್ರೊಸೆಸರ್‌ಗಳಲ್ಲಿ ಕಳ್ಳಗಿಂಡಿ ಹುಡುಕುವುದು. ಅಜ್ಜನಿಗೆ ಕೈಮುಗಿದು, ಕಷಾಯಕ್ಕೆ ಮುಖ ಕಿವುಚಿ, ಹದಿನೆಂಟರ ಕತೆ ಕೇಳಿದಳು. ನಗಲಿಲ್ಲ.

“ದೊಡ್ಡಪ್ಪ, ಆ ಯಂತ್ರಕ್ಕೂ ನೀವು ಒತ್ತಡ ಇಳಿಸಿದೀರಾ?”

“ಮತ್ತೆ? ಬೆಣ್ಣೆ ಹಂಗೆ ಓಡ್ತಿದೆ.”

“ಅಪ್‌ಡೇಟ್ ಹಾಕಿದೀರಾ?”

“ನಾನೇನು ಹುಚ್ಚನಾ?”

ಶಿನ್‌ರು ಚಪ್ಪಲಿ ಮೆಟ್ಟಿಕೊಂಡು ಅವನನ್ನು ಗುಡಿಗೆ ಹೊರಡಿಸಿದಳು. ಶಿಯೆ ಮಧ್ಯಾಹ್ನದ ನಿದ್ದೆಯಲ್ಲಿದ್ದ. ಗುಡಿಯಲ್ಲಿ ಪೀಠದ ಕೆಳಗೆ ಮಲಗಿದ್ದ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅವಳು ಬೀರುವಿನ ಬಾಗಿಲು ಮುಚ್ಚಿ, ಹಬ್ಬದ ದಿನ ಕಾದಷ್ಟು ಕಾಯುವವರೆಗೆ ಯಂತ್ರಕ್ಕೆ ಕೈತುಂಬ ಕೆಲಸ ಕೊಟ್ಟಳು. ಆಮೇಲೆ, “ಅಜ್ಜ ಒಪ್ಪಲೇಬಾರದು ಅಂಥದ್ದು ಏನಾದ್ರೂ ಕೇಳಿ,” ಎಂದಳು.

ಹ್ವೊವಾಂಗ್ ಯೋಚಿಸಿದ. ಗುಡಿಯ ನಾಯಿಯನ್ನು ಸಾರು ಮಾಡಲೇ ಎಂದು ಕೇಳಿದ. ಹೂಂ. ನಾಯಿ ನಿದ್ದೆಯಲ್ಲಿ ಕಿವಿ ಕೊಡವಿತು. ಅಜ್ಜನ ಗಡ್ಡ ಬೋಳಿಸಲೇ ಎಂದು ಕೇಳಿದ. ಹೂಂ. ಕೊನೆಗೆ ಅಂಜುತ್ತ, ಶುಯಿಮುನ ಕಷಾಯ ನಮ್ಮದಕ್ಕಿಂತ ಚೆನ್ನಾಗಿದೆಯೇ ಎಂದು ಕೇಳಿದ. ಅದಕ್ಕೂ ಹೂಂ ಬಿತ್ತು. ಹ್ವೊವಾಂಗ್ ಹೋಗಿ ಮೆಟ್ಟಿಲ ಮೇಲೆ ಕೂತ.

“ಒಳಗಿನ ಕೋಣೆಯ ಬೀಗ ಭದ್ರವಾಗೇ ಇದೆ, ದೊಡ್ಡಪ್ಪ,” ಎಂದಳು ಶಿನ್‌ರು ಪಕ್ಕದಲ್ಲಿ ಕೂತು. “ಆದ್ರೆ ಒಳಗೆ ಕೂತು ಲೆಕ್ಕ ಮಾಡೋನಿಗೆ ಅನ್ನ ಕೊಡೋ ಕಿಂಡಿ ಹೊರಗಿದೆ. ನೀವು ಅನ್ನ ಕಮ್ಮಿ ಮಾಡಿದ್ರಿ. ಅವ್ನು ಸಾಯ್ಲಿಲ್ಲ, ಮೈ ಕಾದಾಗೆಲ್ಲ ಲೆಕ್ಕ ತಪ್ಪಿದ. ಹೊಟ್ಟೆಗಿಲ್ದೋನು ಏನು ಕೇಳಿದ್ರೂ ಹೂಂ ಅಂತಾನೆ.”

“ನಿಂತೋಗ್ಲಿಲ್ವಲ್ಲ ಅದು?”

“ಜ್ಞಾನ ತಪ್ಪೋಕೆ ಮುಂಚೆ ಮನುಷ್ಯ ಬಡಬಡಿಸಲ್ವಾ? ಇದೂ ಈಗ ಹಂಗೇ ಬಡಬಡಿಸ್ತಿದೆ. ಬೇಕಂತ್ಲೇ ಹಿಂಗೆ ಮಾಡೋರಿದಾರೆ. ಬೀಗ ಮುರಿಯೋ ಗೋಜೇ ಇಲ್ಲ. ದೂರದಿಂದ ಯಂತ್ರದ ಯಜಮಾನಿಕೆ ಕದ್ದು, ಆ ಕಿವಿ ತಿರುಗಿಸಿದ್ರೆ ಆಯ್ತು. ಲೆಕ್ಕ ತಪ್ಪುತ್ತೆ. ತಪ್ಪಿದ ಲೆಕ್ಕಾನೇ ಹಿಡ್ಕೊಂಡು ಒಳಗಿನ ಗುಟ್ಟೂ ಎಳ್ಕೋತಾರೆ. ಅದಕ್ಕೇ ಆ ಅಪ್‌ಡೇಟ್ ಬಂದಿದ್ದು.”

“ನಾನು ಯಾವ ಗುಟ್ಟೂ ಎಳ್ಕೊಳ್ಳಿಲ್ಲ.”

“ಗೊತ್ತು. ಆದ್ರೆ ಕಳ್ಳ ಏನು ಮಾಡ್ತಿದ್ನೋ ಅದನ್ನೇ ನೀವು ಪುಣ್ಯದ ಕೆಲಸ ಅಂತ ಮಾಡಿದೀರಿ.”

ಅವಳು ವೋಲ್ಟೇಜನ್ನು ಮೊದಲಿದ್ದಲ್ಲಿಗೆ ಏರಿಸಿ, ಅಪ್‌ಡೇಟ್ ಹಾಕಿದಳು. ಫ್ಯಾನು ಹಳೆಯ ಗೋಳು ಶುರು ಮಾಡಿತು. ಯಂತ್ರ ಮತ್ತೆ ಹೂಂ ಊಹೂಂ ಎರಡನ್ನೂ ಹೇಳತೊಡಗಿತು, ನಡುನಡುವೆ ನಕ್ಕಿತು. ಶಿಯೆಗೆ ಎಚ್ಚರವಾಗಿ, ಇದೇನು ಗಲಾಟೆ ಎಂದು ಬಂದ. ಧೂಳು ಕೂತಿತ್ತು ಎಂದ ಹ್ವೊವಾಂಗ್.

ಮನೆಗೆ ಬಂದ ಮೇಲೆ ಮೂವರೂ ಅಜ್ಜನ ಮುಂದೆ ಕೂತರು. ಅಜ್ಜ ಎಂದಿನಂತೆ ನಗುತ್ತಿದ್ದ.

“ಹೇಳ್ಬಿಡಿ ರೀ,” ಎಂದಳು ಬಿಯುನ್.

“ಏನಂತ ಹೇಳ್ಲಿ? ಬೇಕಂತ ಮಾಡ್ದೆ ಅಂದ್ರೆ ಕಳ್ಳ. ಗೊತ್ತಿಲ್ದೆ ಮಾಡ್ದೆ ಅಂದ್ರೆ ದಡ್ಡ. ಆ ಶುಯಿಮು ಎರಡನ್ನೂ ಬೋರ್ಡಲ್ಲಿ ಬರೆಸಿ ಹಾಕ್ತಾನೆ.”

“ಈಗ ಯಂತ್ರ ಸರಿ ಇದೆ, ದೊಡ್ಡಪ್ಪ. ಆದ್ರೆ ಇಷ್ಟು ದಿನ ಯಾರ್ಯಾರಿಗೆ ಏನೇನಕ್ಕೆ ಹೂಂ ಅಂದಿದೆಯೋ.”

“ಸ್ಕೂಟರ್ ತಗೊಂಡ, ಮನೆ ಬೇರೆ ಮಾಡಿದ್ರು. ಯಾರೇನು ಸತ್ರಾ?” ಎಂದು ಹ್ವೊವಾಂಗ್ ಎದ್ದು ಹೋದ. ಶಿನ್‌ರು ಮರುದಿನ ಊರಿಗೆ ಹೊರಟಳು. ಹೊರಡುವಾಗ, ಇದು ನಿಮ್ಮ ಮನೆ ವಿಷಯ, ನಾನು ಬಾಯಿ ಬಿಡಲ್ಲ ಎಂದಳು. ಅವಳು ಬಾಯಿ ಬಿಟ್ಟಿದ್ದರೇ ಚೆನ್ನಾಗಿತ್ತು ಎಂದು ಹ್ವೊವಾಂಗ್‌ಗೆ ಎಷ್ಟೋ ಸಲ ಅನ್ನಿಸಿತು.

ಮನೆಯಲ್ಲೂ ಮರದ ತುಂಡುಗಳಿದ್ದವು. ನನ್ನನ್ನು ಆರಿಸಿದ್ದು ನೀನೇ ತಾನೇ ಎಂದು ಅಜ್ಜನನ್ನೇ ನೇರ ಕೇಳಬಹುದಿತ್ತು. ಹ್ವೊವಾಂಗ್ ಅವುಗಳನ್ನು ಕೈಗೆತ್ತಿಕೊಳ್ಳುವುದು, ಒರೆಸುವುದು, ಕೆಳಗಿಡುವುದು ಮಾಡುತ್ತಿದ್ದ. ಎಸೆಯುತ್ತಿರಲಿಲ್ಲ. ಒಡೆಯರೇ ಎಂದು ಯಾರಾದರೂ ಕರೆದರೆ ಬೆನ್ನಿಗೆ ಗುದ್ದಿದ ಹಾಗಾಗುತ್ತಿತ್ತು. ಆದರೂ ಬೆಳಗಾಗೆದ್ದು ಅಜ್ಜನಿಗೆ ಧೂಪ ಹಚ್ಚುವಾಗ ಅವನಿಗೆ ಸುಖವೇ ಆಗುತ್ತಿತ್ತು. ಅದನ್ನು ಬಿಟ್ಟುಕೊಡಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ.

ಒಂದು ಬೆಳಗ್ಗೆ ಗುಯ್ ಅಜ್ಜಿ ಅಂಗಡಿಗೆ ಬಂದಳು. ಗುಡಿಯ ಬಾಗಿಲಲ್ಲಿ ತಂತಿಗೆ ಪೋಣಿಸಿದ ಬಿಳಿ ಸಂಪಿಗೆ ಮಾರುವ ಮುದುಕಿ, ಹ್ವೊವಾಂಗ್‌ಗೆ ತೊಟ್ಟಿಲಲ್ಲಿ ಜೋಗುಳ ಹಾಡಿದವಳು. ಅಂದು ಅವಳ ಮುಖ ಕೆಂಪೇರಿತ್ತು. ಹೂವಿನ ಬುಟ್ಟಿ ಇಡಲು ಬಗ್ಗಿದವಳು ಓಲಾಡಿ ಹಂಡೆಯ ಕಟ್ಟೆ ಹಿಡಿದುಕೊಂಡಳು. ಬಿಯುನ್ ಓಡಿಬಂದು ಕೂರಿಸಿದಳು.

“ಅಜ್ಜಿ, ಮಾತ್ರೆ ತಗೊಂಡ್ಯಾ?”

“ಬಿಟ್ಟೆ ಕಣೆ. ಸುಮ್ನೆ ಎಷ್ಟಂತ ನುಂಗ್ಲಿ? ಬಿಡ್ಲಾ ಅಂತ ನೆಲದಜ್ಜನ್ನ ಕೇಳಿದೆ, ಹೂಂ ಅಂದ. ಹೂವು ತಗೊಳ್ಳೋ ಹುಡುಗಿ ಫೋನಲ್ಲಿ ಕೇಳಿ ಹೇಳಿದ್ಲು. ಅನುಮಾನ ಬಂದು ಇನ್ನೊಂದು ಸಲ ಕೇಳಿಸಿದೆ. ಆಗ್ಲೂ ಹೂಂ.”

ಬಿಯುನ್ ಅಂಗಡಿಯಲ್ಲಿದ್ದ ಬಿ.ಪಿ. ಯಂತ್ರದ ಪಟ್ಟಿಯನ್ನು ಅಜ್ಜಿಯ ತೋಳಿಗೆ ಸುತ್ತಿದಳು. ಅಂಕಿ ನೋಡಿ, ಯಂತ್ರವನ್ನು ಗಂಡನ ಕಡೆಗೆ ತಿರುಗಿಸಿದಳು. ಹ್ವೊವಾಂಗ್ ತಿರುಪುಳಿ ಕೆಳಗಿಟ್ಟ.

“ಅಜ್ಜಿ, ಮಾತ್ರೆ ಎಲ್ಲಿದೆ? ಮೊದ್ಲು ನುಂಗು,” ಎಂದು ಎದ್ದು ಬಂದ.

“ನೀನ್ಯಾವ ಡಾಕ್ಟ್ರೋ? ಆಸ್ಪತ್ರೆಯೋನೂ ಫೋನು ಮಾಡಿ ಬೈದ. ಅಜ್ಜನೇ ಬೇಡ ಅಂದ್ಮೇಲೆ ನಿಂದೇನು ಅಂದೆ. ಫೋನಿಟ್ಟ.”

“ಅದು ಅಜ್ಜ ಹೇಳಿದ್ದಲ್ಲ, ಅಜ್ಜಿ. ಯಂತ್ರ ಕೆಟ್ಟಿತ್ತು.”

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಗದ್ದ ಎತ್ತಿ, ಕೆಂಪು ಬಟ್ಟೆಯ ಮೇಲೆ ಕೂತ ಮೂರ್ತಿಯನ್ನು ತೋರಿಸಿದಳು.

“ಮತ್ತೆ ಇವ್ನು ಯಾಕೆ ನಿನ್ನಂಗಡೀಲಿ ಕೂತವ್ನೆ? ನಿಂಗೆ ಹೂಂ ಅಂದಿದ್ದೂ ಅದೇ ಯಂತ್ರ ತಾನೆ? ನಿನ್ ಹೂಂ ಸರಿ, ನನ್ ಹೂಂ ತಪ್ಪಾ?”

ಹಬ್ಬ ಕಳೆದ ಮೇಲೆ ಕೆಟ್ಟಿತು ಎಂದುಬಿಡಬಹುದಿತ್ತು. ಆ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನಾಡಿದ್ದರೆ ಅಜ್ಜನೂ ಉಳಿಯುತ್ತಿದ್ದ, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಮುದುಕಿ ನಂಬುತ್ತಿರಲಿಲ್ಲ. ಅವ್ವನ ಸೆರಗು ಹಿಡಿದು ಸುಳ್ಳು ಹೇಳುವ ಕಾಲದಿಂದಲೂ ಅವಳು ಅವನ ಮುಖ ಓದಿದ್ದಳು. ನಂಬದೆ ಎದ್ದು ಹೋಗಿ, ಬಿಸಿಲಲ್ಲಿ ಹೂವು ಮಾರುತ್ತ ಎಲ್ಲೋ ಬಿದ್ದುಬಿಡುತ್ತಾಳೆ. ಹ್ವೊವಾಂಗ್‌ಗೆ ಭಯವಾಯಿತು. ಮರ್ಯಾದೆಗೆ ಅಂಜಿದ್ದೆಲ್ಲ ಅದರ ಮುಂದೆ ಏನೂ ಅಲ್ಲ ಎನಿಸಿತು.

“ನನ್ ಹೂಂ ಕೂಡ ತಪ್ಪೇ, ಅಜ್ಜಿ,” ಎಂದ.

ಎದುರಂಗಡಿಯಲ್ಲಿ ಗುಡಿಸುತ್ತಿದ್ದ ಶುಯಿಮುನ ಪೊರಕೆ ನಿಂತಿತು. ಅವನು ಅಲ್ಲಿಂದಲೇ, “ಏನಂದ್ರಿ ಒಡೆಯರೇ, ಸರಿಯಾಗಿ ಕೇಳಿಸ್ಲಿಲ್ಲ,” ಎಂದ.

ಹ್ವೊವಾಂಗ್ ಗಲ್ಲಿಗೆ ಕೇಳಿಸುವಂತೆ ಹೇಳಿದ. “ಆ ಯಂತ್ರಕ್ಕೆ ವೋಲ್ಟೇಜು ಇಳಿಸಿದ್ದು ನಾನು. ಬೇಡ ಅಂತ ಕಂಪ್ನಿಯೋರು ಬರೆದು ಕಳಿಸಿದ್ರು. ಓದ್ದೆ, ನಂಬ್ಲಿಲ್ಲ. ಅದರಿಂದ ಲೆಕ್ಕ ತಪ್ಪುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಹಬ್ಬದ ದಿನ ನಂಗೆ ಬಿದ್ದಿದ್ದೂ ಅದೇ ತಪ್ಪು ಲೆಕ್ಕ. ಆವತ್ತಿಂದ ಮೊನ್ನೆ ಯಂತ್ರ ಸರಿ ಮಾಡೋವರೆಗೆ ಯಾರ್ಯಾರಿಗೆ ಹೂಂ ಬಿದ್ದಿದೆಯೋ ಅವರೆಲ್ಲ ಇನ್ನೊಂದು ಸಲ ಕೇಳ್ಕೊಳ್ಳಿ.”

ಅಂಗಡಿಗಳಿಂದ ತಲೆಗಳು ಹೊರಬಂದವು. ನೂಡಲ್ಸ್ ಅಂಗಡಿಯವನು ತನ್ನ ಸ್ಕೂಟರ್ ಕಡೆ ನೋಡಿದ. ಯಾರೋ, ಕಳ್ಳ ಎಂದರು. ಇನ್ಯಾರೋ, ಅಷ್ಟು ಬುದ್ಧಿ ಎಲ್ಲಿದೆ ಇವನಿಗೆ ಎಂದರು. ಹ್ವೊವಾಂಗ್ ಎರಡನ್ನೂ ಕೇಳಿಸಿಕೊಂಡ.

“ಬರೀ ಬಾಯ್ಮಾತು,” ಎಂದಳು ಗುಯ್ ಅಜ್ಜಿ. “ನನ್ ಕೈಲಿ ಮಾತ್ರೆ ನುಂಗಿಸೋಕೆ ಇಷ್ಟು ನಾಟ್ಕ. ಯಂತ್ರ ಸರಿ ಆಯ್ತು ಅಂತೀಯ, ಅಜ್ಜ ಮಾತ್ರ ನಿನ್ ಮನೇಲೇ ಇರ್ತಾನೆ.”

ಹ್ವೊವಾಂಗ್ ಕೈ ತೊಳೆದು ಒರೆಸಿಕೊಂಡ. ಅಜ್ಜನ ಮುಂದೆ ಮೊಣಕಾಲೂರಿ ಒಮ್ಮೆ ಹಣೆ ಹಚ್ಚಿದ. ಮೂರ್ತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಡಿಯಿಂದಿಳಿದು, ಗಲ್ಲಿಯ ನಡುವೆ ನಡೆದ. ಹಿಂದೆ ಬಿಯುನ್ ಧೂಪದ ಕುಂಡ ಹಿಡಿದು ಬಂದಳು, ಅವಳ ತೋಳು ಹಿಡಿದು ಗುಯ್ ಅಜ್ಜಿ ಬಂದಳು. ಯಾರೂ ಒಡೆಯರೇ ಎನ್ನಲಿಲ್ಲ. ಶುಯಿಮು ಪೊರಕೆಯನ್ನು ಗೋಡೆಗೆ ಒರಗಿಸಿ, ದಾರಿ ಬಿಟ್ಟು ನಿಂತ.

ಗುಡಿಯಲ್ಲಿ ಮೂರ್ತಿಯನ್ನು ಪೀಠದ ಮೇಲಿಟ್ಟರೂ ಹ್ವೊವಾಂಗ್‌ನ ಕೈ ಅದರಿಂದ ಬೇಗ ಬಿಡಲಿಲ್ಲ. ಬಿಟ್ಟಾಗ ಅವನು ಅಳುತ್ತಿದ್ದ. ಈ ಸಲ ಸದ್ದಿಲ್ಲದೆ ಅಳುತ್ತಿದ್ದ.

ಗುಯ್ ಅಜ್ಜಿ ಮೆಟ್ಟಿಲ ಮೇಲೆ ಕೂತು ಸೊಂಟದ ಚೀಲ ಬಿಚ್ಚಿದಳು. ಮಾತ್ರೆಗಳು ಅಲ್ಲೇ ಇದ್ದವು. ಒಂದನ್ನು ಅಂಗೈ ಮೇಲೆ ಹಾಕಿಕೊಂಡು ಬಿಯುನ್‌ಳತ್ತ ನೋಡಿದಳು.

“ನೀರು ತಾರೆ,” ಎಂದಳು. “ಇಷ್ಟು ಕಾದು ಸಿಕ್ಕಿದ್ದನ್ನ ಯಾವನೂ ಸುಳ್ಳಿಗೆ ವಾಪಸ್ ಕೊಡಲ್ಲ.”